ಎಮ್ಮೆಯ ಲಿಂಗವಿಚಾರ

ಕಲ್ಯಾಣದ ತಬೇಲಾಗಳಲ್ಲಿರುವ ಪ್ರಾಣಿ ಒಂದೇ; ಸುತ್ತಲಿನ ಜನ ಅದಕ್ಕಿತ್ತ ಹೆಸರುಗಳು ಹಲವು. ಮರಾಠಿಗರಿಗೆ ಅದು ‘ಮ್ಹೈಸ’, ಹಿಂದಿಯವರಿಗೆ ‘ಭೈಂಸ್’, ಕನ್ನಡಿಗರಿಗೆ ‘ಎಮ್ಮೆ’. ಮೊದಲಿನವೆರಡೂ ಸಂಸ್ಕೃತದ ‘ಮಹಿಷೀ’ ಶಬ್ದಮೂಲದವು. ‘ಎಮ್ಮೆ’ಯಾದರೋ ಅಚ್ಚ ದ್ರಾವಿಡ. ತಮಿಳಿನ ‘ಎರುಮೈ’, ಮಲಯಾಳದ ‘ಎರುಮ’, ತೆಲುಗಿನ ‘ಎನುಮು’ ಇದರ ಜ್ಞಾತಿಪದಗಳು. ‘ಕರ್ಪು’ ‘ಕಪ್ಪು’ ಆದಂತೆ ‘ಎರ್ಮೆ’ಯ ರೇಫವೂ ಮುಂದಿನ ವ್ಯಂಜನದಲ್ಲಿ ಲೀನವಾಗಿ ‘ಎಮ್ಮೆ’ಯಾಯಿತು. ತುಳುವಿನಲ್ಲಿ ಆ ರೇಫ ಇಂದಿಗೂ ಉಳಿದಿದೆ. ಡೊಂಬಿವಲಿಯ ತುಳು ಮನೆಯ ಅಜ್ಜಿ ‘ಎರ್ಮೆ’ ಎಂದರೆ ಅದು ಅಶುದ್ಧ ಉಚ್ಚಾರವಲ್ಲ. ಕನ್ನಡ ಕಳೆದುಕೊಂಡ ಹಳೆಯ ರೂಪ.

ವ್ಯುತ್ಪತ್ತಿಗಿಂತ ವ್ಯಾಕರಣದ ಪ್ರಶ್ನೆ ಹೆಚ್ಚು ಗಹನವಾದುದು. ಮರಾಠಿಯಲ್ಲಿ ‘ಮ್ಹೈಸ ಆಲೀ’, ‘ರೇಡಾ ಆಲಾ’, ‘ಮಾಂಜರ ಆಲೇ’ ಎಂದು ಮೂರು ಪ್ರಾಣಿಗಳಿಗೆ ಮೂರು ಲಿಂಗ. ಕನ್ನಡದಲ್ಲಿ ಎಮ್ಮೆ, ಕೋಣ, ಬೆಕ್ಕು ಎಲ್ಲಕ್ಕೂ ‘ಬಂತು’ ಒಂದೇ. ಕನ್ನಡದ ಲಿಂಗ ಶಬ್ದಾಶ್ರಿತವಲ್ಲ, ಅರ್ಥಾಶ್ರಿತ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದುದು ನಪುಂಸಕ ಎಂಬ ಈ ತತ್ತ್ವವನ್ನು 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ನಿರೂಪಿಸಿದ್ದಾನೆ. ದೂರದ ಲಾಟ್ವಿಯನ್ ಭಾಷೆಯಲ್ಲಿ ನಪುಂಸಕಲಿಂಗವೇ ಇಲ್ಲ. ಸಂಸ್ಕೃತದ ‘ಗೋ’ ಶಬ್ದದ ಬಂಧುವಾದ ‘ಗೊವ್ಸ್’ ಅಲ್ಲಿ ಸ್ತ್ರೀಲಿಂಗ.

ಠಾಣೆ, ನವಿ ಮುಂಬಯಿಗಳಲ್ಲಿ ಮರಾಠಿಯ ನಡುವೆ ಬೆಳೆದ ಕನ್ನಡದ ಮಗುವೊಂದು ‘ಎಮ್ಮೆ ಬಂದಳು’ ಎಂದರೆ ನಗುವವರುಂಟು. ಹೊರನಾಡಿನಲ್ಲಿ ಕನ್ನಡ ಕೆಟ್ಟಿತೆಂದು ಹಲುಬುವವರೂ ಉಂಟು. ಎರಡೂ ಸಲ್ಲವು. ಸಾಂಗ್ಲಿ ಜಿಲ್ಲೆಯ ಕುಪವಾಡದ ಭಾಷಾಸಂಪರ್ಕವನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತಕ್ಕ ಉತ್ತರ. ಅಲ್ಲಿನ ಮರಾಠಿಯೇ ತನ್ನ ಲಿಂಗವ್ಯವಸ್ಥೆಯನ್ನು ಸಡಿಲಿಸಿ, ಮನುಷ್ಯೇತರವಾದುದೆಲ್ಲ ನಪುಂಸಕವೆಂಬ ಕನ್ನಡದ ಕ್ರಮವನ್ನು ಒಪ್ಪಿಕೊಂಡಿತ್ತು. ನೆರೆಯ ಭಾಷೆಗಳ ನಡುವೆ ಕೊಡುಕೊಳ್ಳುವಿಕೆ ಸಹಜ. ಅದು ಯಾರ ಸೋಲೂ ಅಲ್ಲ.

ನಿಜವಾದ ನಷ್ಟ ಬೇರೆಡೆಯಿದೆ. ಕರು, ಕಡಸು, ಮಣಕ, ಹೋರಿ, ಹೋತ, ಟಗರು ಮೊದಲಾದ ಪದಗಳು ಹಿರಿಯರ ನೆನಪಿನಲ್ಲಿವೆ. ಹಟ್ಟಿಯೇ ಇಲ್ಲದ ನಗರದಲ್ಲಿ ಅವು ಮಕ್ಕಳ ಕಿವಿಗೆ ಬೀಳುವ ಸಂದರ್ಭವೇ ಇಲ್ಲ. ಮಗುವಿನ ಕ್ರಿಯಾಪದವನ್ನು ತಿದ್ದುವುದು ಒಂದು ಗಳಿಗೆಯ ಕೆಲಸ. ಕಳೆದುಹೋದ ಪದವನ್ನು ಮರಳಿ ತರುವುದು ಅಷ್ಟು ಸುಲಭವಲ್ಲ. ಆದುದರಿಂದ ಮುಂಬಯಿ ಪರಿಸರದ ಕನ್ನಡ ವಿದ್ಯಾರ್ಥಿಗಳು ವ್ಯಾಕರಣವನ್ನು ಪರೀಕ್ಷೆಗಾಗಿ ಮಾತ್ರ ಓದಬಾರದು. ಬಯಲುಸೀಮೆಯ, ಕರಾವಳಿಯ, ಗಡಿನಾಡಿನ ಕನ್ನಡಗಳೆಲ್ಲ ಇಲ್ಲಿ ಒಂದೇ ಕಟ್ಟಡದ ನೆರೆಮನೆಗಳಲ್ಲಿ ದೊರೆಯುತ್ತವೆ. ಇಂಥ ಅನುಕೂಲ ಒಳನಾಡಿನ ಸಂಶೋಧಕನಿಗೂ ದುರ್ಲಭ. ಆ ಹಿರಿಯರು ಇರುವಾಗಲೇ ಅವರ ಮಾತನ್ನು ಬರೆದಿಟ್ಟುಕೊಳ್ಳುವುದು ಇಂದಿನ ಕರ್ತವ್ಯ.