ಮುಖ ಬದಲಿಸಿದ ಗಡಿಯಾರ ಮತ್ತು ಪ್ರತಿರೂಪಕ ವ್ಯವಹಾರ

“ಯಂತ್ರವೆಲ್ಲ ಅಸಲಿ, ಡಯಲ್ ಮಾತ್ರ ಹೊಸದು.” ಹಳೆಯ ಸ್ವಿಸ್ ಕೈಗಡಿಯಾರಗಳನ್ನು ಮಾರುವವರು ಗಿರಾಕಿ ಕೇಳಿದರೆ ಆಡುವ ಮಾತಿದು, ಕೇಳದಿದ್ದರೆ ಆಡದೆ ಬಿಡುವ ಮಾತೂ ಇದೇ. ಅನುಕೂಲಸ್ಥ ಮನೆಗಳಲ್ಲಿ ಅಳಿಯನಿಗೆ ಹೊಸ ಗಡಿಯಾರದ ಬದಲು ಐವತ್ತು ವರ್ಷ ಹಿಂದಿನ ಒಮೆಗಾ ಅಥವಾ ರೋಲೆಕ್ಸ್ ಕೊಡುವುದೇ ಘನತೆಯೆಂದು ಎಣಿಸುವವರುಂಟು. ಡಯಲ್ ಮೂಲದ್ದಲ್ಲವೆಂದು ಅರಿತೂ “ಯಾರಿಗೆ ತಿಳಿಯುತ್ತದೆ?” ಎಂದು ಸಮಾಧಾನಪಟ್ಟುಕೊಳ್ಳುವವರೂ ಉಂಟು. ಇದನ್ನು ಹವ್ಯಾಸಿಗಳ ಕ್ಷುಲ್ಲಕ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಅಚೌರ್ಯಾಣುವ್ರತವು ಭಂಗಗೊಳ್ಳುವುದು ಇಂಥ ಮೌನದಲ್ಲಿಯೇ.

ಡಯಲ್ ಎಂಬುದು ಬಹುಮಟ್ಟಿಗೆ ಹಿತ್ತಾಳೆಯ ಒಂದು ತೆಳುವಾದ ಬಿಲ್ಲೆ. ಅದರ ಮೇಲೆ ಬಣ್ಣ, ಅಂಕೆ, ತಯಾರಕರ ಹೆಸರು. ತೇವ ಹೊಕ್ಕರೆ ಬಣ್ಣ ಉಬ್ಬುತ್ತದೆ, ಕಲೆ ಕಟ್ಟುತ್ತದೆ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಆಮದಿನ ನಿರ್ಬಂಧದಿಂದ ಮೂಲ ಬಿಡಿಭಾಗ ದೊರೆಯುವುದು ದುರ್ಲಭವಾಗಿದ್ದಾಗ, ರಿಪೇರಿಗಾರರು ಹಳೆಯ ಬಣ್ಣ ಕೆರೆದು ಹೊಸದಾಗಿ ಬರೆಸಿಕೊಡುತ್ತಿದ್ದರು. ಗಂಟೆ ನೋಡಲು ಗಡಿಯಾರ ಬೇಕಾಗಿದ್ದ ಗೃಹಸ್ಥನಿಗೆ ಅದರಿಂದ ಉಪಕಾರವೇ ಆಯಿತು. ಅದರಲ್ಲಿ ದೋಷವಿಲ್ಲ. ದೋಷ ಹುಟ್ಟುವುದು ಆ ವಸ್ತುವೇ “ಪುರಾತನ” ಎಂಬ ಹೆಸರಿನಿಂದ ಮರುಮಾರಾಟಕ್ಕೆ ಬಂದಾಗ.

“ಡಯಲ್ ಮಾತ್ರ” ಎಂಬಲ್ಲಿನ “ಮಾತ್ರ” ಎಂಬ ಪದವನ್ನು ವ್ಯಾಪಾರಿಯೊಬ್ಬನು ಚೆನ್ನಾಗಿ ತೂಗಿ ನೋಡಬೇಕು. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ನಟ ಪಾಲ್ ನ್ಯೂಮನ್ ಅವರ ರೋಲೆಕ್ಸ್ ಡೇಟೋನಾ 1 ಕೋಟಿ 77 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಅಷ್ಟು ಬೆಲೆ ಬಂದದ್ದು ಅದರ ಒಡೆಯನ ಕೀರ್ತಿಯಿಂದ, ನಿಜ. ಆದರೆ ಅದೇ ಬಗೆಯ ಡಯಲ್ ಉಳ್ಳ ಇತರ ಡೇಟೋನಾಗಳು ಸಹ, ಅದೇ ಯಂತ್ರವಿದ್ದು ಸಾಧಾರಣ ಡಯಲ್ ಉಳ್ಳವುಗಳಿಗಿಂತ ಹಲವು ಪಟ್ಟು ಬೆಲೆ ಬಾಳುತ್ತವೆ. ಬೆಲೆಯ ಬಹುಭಾಗ ಇರುವುದೇ ಆ ಬಿಲ್ಲೆಯಲ್ಲಿ ಎಂದಾದಮೇಲೆ, ಅದನ್ನು ಬದಲಿಸಿ “ಉಳಿದದ್ದೆಲ್ಲ ಅಸಲಿ” ಎನ್ನುವುದು, ಕಡಗದ ಚಿನ್ನ ತೆಗೆದು “ಆಕಾರವೆಲ್ಲ ಹಾಗೆಯೇ ಇದೆ” ಎಂದಂತೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೊನೆಯದಾಗಿ ಹೇಳಿರುವುದು ಪ್ರತಿರೂಪಕ ವ್ಯವಹಾರವನ್ನು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಕೃತ್ರಿಮವಾದ ಹೊನ್ನು ಮುಂತಾದವುಗಳಿಂದ ವಂಚಿಸುವ ವ್ಯಾಪಾರವೆಂದು ವಿವರಿಸುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಬದಲಾಗಿ ಸದೃಶಸನ್ಮಿಶ್ರವನ್ನು, ಎಂದರೆ ಹೋಲುವ ವಸ್ತುವನ್ನು ಬೆರೆಸಿ ಮಾರುವುದನ್ನು, ಇಟ್ಟಿದ್ದಾರೆ. ಅಸಲಿ ಯಂತ್ರಕ್ಕೆ ಹೋಲಿಕೆಯ ಮುಖ ಕೂಡಿಸಿ ಮೌನವಾಗಿ ಮಾರುವುದಕ್ಕೆ ಇದಕ್ಕಿಂತ ನಿಖರವಾದ ಹೆಸರು ಬೇರೆ ಬೇಕೆ? ಇಷ್ಟೇ ಅಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಕಾರ್ಖಾನೆಯು ಬರೆಯದ ಹೆಸರನ್ನು ಕಾರ್ಖಾನೆಯೇ ಬರೆದಂತೆ ಅಚ್ಚುಹಾಕುವುದು ಸುಳ್ಳು ಪತ್ರ ಬರೆಯುವುದಕ್ಕಿಂತ ಹೇಗೆ ಭಿನ್ನ? ಮಾರುವವನು ಬಾಯಿ ತೆರೆಯದಿದ್ದರೂ ಡಯಲ್ ಅವನ ಪರವಾಗಿ ಸುಳ್ಳಾಡುತ್ತಲೇ ಇರುತ್ತದೆ.

ಹಾವೇರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಟ್ಟೀಹಳ್ಳಿಯಲ್ಲಿ ಕಲ್ಯಾಣ ಚಾಲುಕ್ಯ ಶೈಲಿಯ ಕದಂಬೇಶ್ವರ ಗುಡಿಯಿದೆ, ಶಾಸನಗಳಿವೆ. ಸವೆದ ಶಾಸನವೊಂದನ್ನು ಉಜ್ಜಿ, ಅದೇ ಕಲ್ಲಿನ ಮೇಲೆ ಹೊಸ ಅಕ್ಷರ ಕೆತ್ತಿಸಿ, “ಕಲ್ಲು ಹಳೆಯದೇ ಅಲ್ಲವೆ?” ಎಂದರೆ ಯಾವ ವಿದ್ವಾಂಸನು ಒಪ್ಪುತ್ತಾನೆ? ಕಲ್ಲು ಹಳೆಯದು ನಿಜ, ಸಾಕ್ಷಿ ಹೋಯಿತು. (ಬಸದಿಯ ಹಳೆಯ ಕಂಬಗಳಿಗೆ ಆಯಿಲ್ ಪೇಂಟ್ ಬಳಿಸಿ ಜೀರ್ಣೋದ್ಧಾರವಾಯಿತೆಂದು ಫಲಕ ಹಾಕಿಸುವ ಟ್ರಸ್ಟುಗಳೂ ಈ ಮಾತನ್ನು ಕೇಳಿಸಿಕೊಂಡರೆ ಒಳ್ಳೆಯದು.) ಬೇರೆ ತಳಿಯ ಕಾಯಿ ಬೆರೆಸಿ ಬ್ಯಾಡಗಿ ಮೆಣಸಿನಕಾಯಿಯೆಂದು ಚೀಲ ಹೊಲಿಯುವವನನ್ನು ಪೇಟೆಯಲ್ಲಿ ವಂಚಕನೆಂದು ಕರೆಯುವ ಜನ, ಗಡಿಯಾರದ ವಿಷಯದಲ್ಲಿ ಮಾತ್ರ ಉದಾರಿಗಳಾಗುವುದು ವಿಚಿತ್ರ.

ಕನ್ನಡನಾಡಿನ ಗಡಿಯಾರಕ್ಕೂ ಈ ಗತಿ ಬಂದಿದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಗಡಿಯಾರ ತಯಾರಿಕೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಆ ಬಳಿಕ ಹಳೆಯ ಜನತಾ, ಪೈಲಟ್ ಗಡಿಯಾರಗಳಿಗೆ ಬೇಡಿಕೆ ಏರಿತು. ಕಾರ್ಖಾನೆಯು ಎಂದೂ ಹೊರತರದ ಬಣ್ಣದ ಡಯಲ್‌ಗಳು ಅದೇ ಹೆಸರು ಹೊತ್ತು ಪೇಟೆಗೆ ಬಂದವು. ಇವು ಅಗ್ಗದ ಗಡಿಯಾರಗಳು; ಆದರೆ ಅತಿಚಾರವು ಬೆಲೆಯನ್ನು ನೋಡಿ ಚಿಕ್ಕದು ದೊಡ್ಡದು ಆಗುವುದಿಲ್ಲ.

ಕೆಲವರು ಇಲ್ಲಿ ಇನ್ನೊಂದು ದಾರಿಯಿಂದ ನುಣುಚಿಕೊಳ್ಳುತ್ತಾರೆ: ಪರಿಗ್ರಹ ಪರಿಮಾಣದ ವ್ರತವುಳ್ಳ ಶ್ರಾವಕನಿಗೆ ಐಷಾರಾಮಿ ಗಡಿಯಾರವೇಕೆ, ಕೊಳ್ಳದಿದ್ದರೆ ಪ್ರಶ್ನೆಯೇ ಇಲ್ಲ. ಕೇಳಲು ಹಿತವಾದ ಮಾತು. ಆದರೆ ಪರಿಮಿತಿಯೊಳಗೆ ಕೊಳ್ಳುವ ಹಕ್ಕು ಗೃಹಸ್ಥನಿಗಿದೆ, ಕೊಳ್ಳುತ್ತಲೂ ಇದ್ದಾನೆ. ಅವನಿಗೆ ಪರಿಗ್ರಹದ ಉಪದೇಶ ಮಾಡಿ ಮಾರುವವನ ಮೋಸದ ಬಗೆಗೆ ಸುಮ್ಮನಿರುವುದು ಯಾವ ನ್ಯಾಯ?

ಕೊಳ್ಳುವವನು ಸಹ ನಿರ್ದೋಷಿಯಲ್ಲ. ಕದ್ದ ಮಾಲನ್ನು ಪಡೆಯುವುದನ್ನೂ ಉಮಾಸ್ವಾಮಿಗಳು ಅತಿಚಾರಗಳಲ್ಲಿ ಸೇರಿಸಿದ್ದಾರೆ. ಪೇಟೆಯ ದರದ ಮೂರನೆಯ ಒಂದಕ್ಕೆ ವಸ್ತು ಸಿಕ್ಕಾಗ ಏಕೆಂದು ಕೇಳದವನು ಉತ್ತರವನ್ನು ಬಲ್ಲವನೇ. ಪರೀಕ್ಷೆ ಅಸಾಧ್ಯವೂ ಅಲ್ಲ. ಭೂತಗನ್ನಡಿ ಹಿಡಿದರೆ ಮರುಬರೆದ ಅಕ್ಷರದ ಅಂಚು ದಪ್ಪವಾಗಿ ಹರಡಿರುತ್ತದೆ, ನಿಮಿಷದ ಗೆರೆಗಳು ಅಂಕೆಗಳಿಗೆ ನೇರವಾಗಿ ಕೂಡುವುದಿಲ್ಲ. ಸ್ವಿಸ್ ಗಡಿಯಾರದ ತಳದಲ್ಲಿ ಟಿ ಎಂಬ ಅಕ್ಷರಗಳಿದ್ದರೆ ಹೊಳಪಿಗೆ ಟ್ರಿಟಿಯಂ ಬಳಸಿದ್ದಾರೆಂದು ಅರ್ಥ. ಅದರ ಅರ್ಧಾಯುಷ್ಯ 12 ವರ್ಷಕ್ಕಿಂತ ತುಸು ಹೆಚ್ಚು. 1970ರ ಅಂಥ ಗಡಿಯಾರವು ಇಂದು ಕತ್ತಲಲ್ಲಿ ಪ್ರಖರವಾಗಿ ಬೆಳಗಿದರೆ ಆ ಹೊಳಪು ಹೊಸತು. ತಯಾರಕರೇ ದುರಸ್ತಿಯ ವೇಳೆ ಹಾಕಿಕೊಟ್ಟ ಬದಲಿ ಡಯಲ್ ಆಗಿದ್ದರೂ ಅದನ್ನು ಬಿಲ್ಲಿನಲ್ಲಿ ಬರೆಯಬೇಕು. ಬರೆದು ತಕ್ಕ ಬೆಲೆಗೆ ಮಾರಿದರೆ ಯಾವ ಅತಿಚಾರವೂ ಇಲ್ಲ. ಬಿಲ್ಲಿನಲ್ಲಿ “ಡಯಲ್ ಮೂಲದ್ದಲ್ಲ” ಎಂಬ ಎರಡು ಶಬ್ದ ಬರೆಯಲು ಒಪ್ಪದ ಅಂಗಡಿಯಿಂದ ಎದ್ದು ಬರುವುದು ಲೇಸು.

ಬಸದಿಗೆ ದಾನವಾಗಿ ಬಂದ ಹಳೆಯ ಗಡಿಯಾರವನ್ನು ಸವಾಲಿಗೆ ಇಡುವ ಟ್ರಸ್ಟುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಸವಾಲಿನ ಮುನ್ನ ಬಲ್ಲ ರಿಪೇರಿಗಾರನಿಂದ ಡಯಲ್ ಬಿಚ್ಚಿಸಿ ನೋಡಿಸಿ, ಕಂಡದ್ದನ್ನು ದಾನದ ರಿಜಿಸ್ಟರಿನಲ್ಲಿ ಬರೆದು, ಸವಾಲು ಕೂಗುವವನು ಮೊತ್ತ ಕೂಗುವ ಮೊದಲು ಆ ಬರಹವನ್ನು ಸಭೆಗೆ ಓದಿ ಹೇಳಬೇಕು. ಕೊಂಡವರಿಗೆ ಕೊಡುವ ರಸೀದಿಯಲ್ಲಿಯೂ ಅದೇ ವಾಕ್ಯವಿರಬೇಕು.