ಮೊದಲ ಮೆಟ್ಟಿಲಿನಲ್ಲಿ ಎಲ್ಲರೂ ಸಮಾನರೇ?

ಚಿತ್ರವಿಲ್ಲದ, ಸದ್ದಿಲ್ಲದ, ಬರೀ ಅಕ್ಷರಗಳಲ್ಲಿ ನಡೆಯುವ ಕಂಪ್ಯೂಟರ್ ಆಟಗಳು ಇಂದಿಗೂ ಜೀವಂತವಾಗಿವೆ ಎಂದರೆ ಹೆಚ್ಚಿನವರು ನಂಬುವುದಿಲ್ಲ. ಬೇರೆಬೇರೆ ದೇಶಗಳಲ್ಲಿ ಕುಳಿತ ಹಲವು ಜನ ಒಂದೇ ಹೊತ್ತಿಗೆ ಒಂದು ಕಲ್ಪಿತ ಲೋಕವನ್ನು ಪ್ರವೇಶಿಸುತ್ತಾರೆ. ಪರದೆಯ ಮೇಲೆ ನಾಲ್ಕು ಸಾಲಿನ ವರ್ಣನೆ ಮೂಡುತ್ತದೆ: ಪಾಚಿಗಟ್ಟಿದ ಕಲ್ಲಿನ ಮೆಟ್ಟಿಲು, ಉತ್ತರಕ್ಕೊಂದು ಬಾಗಿಲು, ಮೂಲೆಯಲ್ಲಿ ತುಕ್ಕು ಹಿಡಿದ ಕತ್ತಿ. ಉತ್ತರಕ್ಕೆ ಹೋಗಬೇಕೆಂದು ಟೈಪ್ ಮಾಡಿದರೆ ಮುಂದಿನ ಕೋಣೆಯ ವರ್ಣನೆ ಬರುತ್ತದೆ. ಅಲ್ಲಿ ಆಗಲೇ ಇನ್ನೊಬ್ಬರಿದ್ದರೆ ಅವರ ಹೆಸರು ಕಾಣುತ್ತದೆ. ಅವರೊಡನೆ ಮಾತನಾಡಬಹುದು, ಜೊತೆಗೂಡಿ ಬೇಟೆಗೆ ಹೋಗಬಹುದು, ಕೆಲವು ಆಟಗಳಲ್ಲಿ ಅವರನ್ನು ಕೊಲ್ಲಲೂಬಹುದು. 'ಮಡ್' ಎಂಬುದು ಈ ಆಟಗಳ ಹೆಸರು. ಬಹುಜನರ ನೆಲಮಾಳಿಗೆ ಎಂಬರ್ಥದ ಇಂಗ್ಲಿಷ್ ಪದಪುಂಜದ ಸಂಕ್ಷಿಪ್ತ ರೂಪ. ಇವುಗಳಲ್ಲಿ ಬಹುಪಾಲು ಆಟಗಳು ಆಟಗಾರರಿಂದ ಒಂದು ಪೈಸೆಯನ್ನೂ ಕೇಳುವುದಿಲ್ಲ.

ಈ ಆಟಗಳನ್ನು ಮೆಚ್ಚುವವರು ಮತ್ತೆ ಮತ್ತೆ ಹೇಳುವ ಒಂದು ಮಾತಿದೆ: ಇಲ್ಲಿ ಎಲ್ಲರೂ ಮೊದಲ ಹಂತದಿಂದಲೇ ಆರಂಭಿಸುತ್ತಾರೆ, ಮೇಲೇರುವುದು ಸ್ವಂತ ಸಾಮರ್ಥ್ಯದಿಂದ ಮಾತ್ರ. ಹಲವು ವರ್ಷಗಳಿಂದ ಇಂಥದೊಂದು ಆಟವನ್ನು ಬಿಡುವಿನ ರಾತ್ರಿಗಳಲ್ಲಿ ಆಡುತ್ತ ಬಂದಿರುವ ನನಗೆ ಈ ಮಾತು ಪ್ರಿಯವೂ ಹೌದು, ಅನುಮಾನಾಸ್ಪದವೂ ಹೌದು. ಅನುಮಾನಕ್ಕೆ ಕಾರಣ ಸರಳ. ಹೊರದೇಶಗಳಲ್ಲಿ ನೆಲೆಸಿದ ನಾವು ನಮ್ಮ ಬಗ್ಗೆ ಹೇಳಿಕೊಳ್ಳುವ ಕಥೆಯೂ ಅಕ್ಷರಶಃ ಇದೇ ಆಗಿದೆ. ಎರಡು ಸೂಟ್‌ಕೇಸ್ ಹಿಡಿದು ಬಂದೆವು, ಸೊನ್ನೆಯಿಂದ ಆರಂಭಿಸಿದೆವು, ಮೆರಿಟ್‌ನಿಂದ ಮೇಲೆ ಬಂದೆವು.

ಮೊದಲ ಮಡ್ ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ. ಬರೆಯತೊಡಗಿದವರು ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ. ಮುಂದುವರಿಸಿ ಬೆಳೆಸಿದವರು ರಿಚರ್ಡ್ ಬಾರ್ಟಲ್. ವಿಶ್ವವಿದ್ಯಾನಿಲಯದ ಪಿಡಿಪಿ-10 ಯಂತ್ರದ ಮೇಲೆ ಆಟ ಓಡುತ್ತಿತ್ತು. ಹೊರಗಿನವರು ಮೋಡೆಮ್ ಮೂಲಕ ಸೇರಬೇಕೆಂದರೆ ಯಂತ್ರಕ್ಕೆ ಬೇರೆ ಕೆಲಸವಿಲ್ಲದ ರಾತ್ರಿಯ ಹೊತ್ತಿಗಾಗಿ ಕಾಯಬೇಕಿತ್ತು. ನಿಧಿಗಳನ್ನು ಹುಡುಕಿ ತಂದು ಜೌಗಿನಲ್ಲಿ ಎಸೆದರೆ ಅಂಕ. ಅಂಕ ಕೂಡುತ್ತ ಹೋದಂತೆ ಪದವಿ ಏರಿಕೆ. ತುತ್ತತುದಿಗೆ ತಲುಪಿದವರಿಗೆ ಮಾಂತ್ರಿಕರ ಪಟ್ಟ, ಅದರೊಂದಿಗೆ ಆ ಲೋಕದ ಮೇಲೆಯೇ ಅಧಿಕಾರ.

ಈ ಏಣಿಯ ಹಿಂದೆ ಒಂದು ರಾಜಕೀಯವಿತ್ತು. ಬಾರ್ಟಲ್ ಉತ್ತರ ಇಂಗ್ಲೆಂಡಿನ ಕಡಲತೀರದ ಪುಟ್ಟ ಊರಿನಿಂದ ಬಂದವರು, ಕಾರ್ಮಿಕ ವರ್ಗದ ಹುಡುಗ. ಬಾಯಿ ತೆರೆದೊಡನೆ ಉಚ್ಚಾರಣೆಯಿಂದಲೇ ಮನುಷ್ಯನ ವರ್ಗವನ್ನು ಅಳೆದುಬಿಡುವ ಸಮಾಜ ಬ್ರಿಟನ್ನಿನದು. ಇಲ್ಲಿ ಬದುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಟ್ಟು ಹೇರಿದ ಭಾರವನ್ನು ಕಳಚಿಟ್ಟು ಜನ ತಾವು ತಾವಾಗಿ ಬದುಕಬಹುದಾದ ಲೋಕವನ್ನು ಕಟ್ಟಬೇಕೆಂದೇ ತಾವು ಮಡ್ ಬರೆದದ್ದೆಂದು ಬಾರ್ಟಲ್ ಅನೇಕ ಬಾರಿ ಹೇಳಿದ್ದಾರೆ. ಅಕ್ಷರಗಳಲ್ಲಿ ನಡೆಯುವ ಆಟದಲ್ಲಿ ಉಚ್ಚಾರಣೆ ಕೇಳಿಸುವುದಿಲ್ಲ, ಮೈಬಣ್ಣ ಕಾಣಿಸುವುದಿಲ್ಲ. ನಮ್ಮವರ ಮಟ್ಟಿಗೆ ಇನ್ನೂ ಒಂದು ಸೇರಿಸಬಹುದು. ಒಳಗೆ ಹೋಗುವಾಗ ಆಟ ಕೇಳುವುದು ಒಂದು ಹೆಸರನ್ನು ಮಾತ್ರ. ಆಮೇಲೆ ಯಾರೂ 'ಅಡ್ಡಹೆಸರೇನು', 'ಯಾವ ಕಡೆಯವರು', 'ಮನೆಯಲ್ಲಿ ಮಾಂಸ ಮಾಡುತ್ತೀರಾ' ಎಂದು ಬಳಸಿಕೊಂಡು ಬಂದು ವಿಚಾರಿಸುವುದಿಲ್ಲ. ಯುಗಾದಿ ಕೂಟದ ಊಟದ ಸಾಲಿನಲ್ಲಿ ನಿಂತು ಈ ಪ್ರಶ್ನೆಗಳಿಗೆ ಉತ್ತರಿಸಿದವರಿಗೆ ಅದರ ಬೆಲೆ ಗೊತ್ತು.

ದೃಷ್ಟಿಯಿಲ್ಲದವರ ವಿಷಯದಲ್ಲಿ ಈ ಸಮಾನತೆ ಕನಸಿನ ಮಾತಾಗಿ ಉಳಿಯದೆ ನಿಜವಾಗಿಯೇ ಸಾಧಿತವಾಯಿತು. ಪರದೆಯ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶವಿದ್ದರೆ ಅವರು ಉಳಿದವರಷ್ಟೇ ಸರಾಗವಾಗಿ ಆಡಬಲ್ಲರು. 1995ರಿಂದ ನಡೆದುಬಂದಿರುವ ಆಲ್ಟರ್ ಏಯಾನ್ ಎಂಬ ಉಚಿತ ಆಟದಲ್ಲಿ ಅಂಧ ಆಟಗಾರರ ಸಂಖ್ಯೆ ದೊಡ್ಡದು. ಆಟವನ್ನೇ ಅವರ ಅನುಕೂಲಕ್ಕೆ ತಕ್ಕಂತೆ ತಿದ್ದುತ್ತ ಬಂದಿದ್ದಾರೆ. ಕೋಟಿಗಟ್ಟಲೆ ಸುರಿದು ಮಾಡಿದ ಚಿತ್ರಮಯ ಆಟಗಳು ಈ ಜನರನ್ನು ದಶಕಗಳ ಕಾಲ ಬಾಗಿಲಲ್ಲೇ ನಿಲ್ಲಿಸಿದ್ದವು.

ಇಷ್ಟು ಹೊಗಳಿದ ಮೇಲೆ, ಆ ಮೊದಲ ಮೆಟ್ಟಿಲು ನಿಂತಿದ್ದ ನೆಲವನ್ನೂ ನೋಡಬೇಕು. 1978ರ ಬ್ರಿಟನ್ನಿನಲ್ಲಿ ಸ್ಥಳೀಯ ವಿದ್ಯಾರ್ಥಿಗಳ ಬೋಧನಾ ಶುಲ್ಕವನ್ನು ಸಾರ್ವಜನಿಕ ಬೊಕ್ಕಸ ಭರಿಸುತ್ತಿತ್ತು; ಬಡ ಮನೆಯ ಮಕ್ಕಳಿಗೆ ಊಟ ವಸತಿಗೂ ಅನುದಾನವಿತ್ತು. ಎಸೆಕ್ಸ್ ಸ್ವತಃ 1964ರಲ್ಲಿ ಸರ್ಕಾರದ ಹಣದಿಂದ ತೆರೆದ ಹೊಸ ವಿಶ್ವವಿದ್ಯಾನಿಲಯ. ಒಬ್ಬ ಕಾರ್ಮಿಕನ ಮಗ ರಾತ್ರಿಯಿಡೀ ಲಕ್ಷಾಂತರ ಪೌಂಡಿನ ಯಂತ್ರದೆದುರು ಕುಳಿತು ಡ್ರ್ಯಾಗನ್‌ಗಳ ಕಥೆ ಹೆಣೆಯಲು ಸಾಧ್ಯವಾದದ್ದು ಆ ವ್ಯವಸ್ಥೆಯಿಂದ. ಆ ಬಾಗಿಲೂ ಬಹುಕಾಲ ತೆರೆದಿರಲಿಲ್ಲ. 1980ರಲ್ಲಿ ಥ್ಯಾಚರ್ ಸರ್ಕಾರ ವಿದೇಶಿ ವಿದ್ಯಾರ್ಥಿಗಳಿಂದ ಪೂರ್ಣ ವೆಚ್ಚದ ಶುಲ್ಕ ವಸೂಲಿಗೆ ತೊಡಗಿತು, 1998ರಲ್ಲಿ ಸ್ಥಳೀಯರಿಗೂ ಶುಲ್ಕ ಬಂತು. ಬಾರ್ಟಲ್ ಅವರ ಪ್ರತಿಭೆಯ ಬಗ್ಗೆ ನನಗೆ ಕಿಂಚಿತ್ತೂ ಸಂದೇಹವಿಲ್ಲ. ಅದೇ ಪ್ರತಿಭೆಯ ಹುಡುಗಿಯೊಬ್ಬಳು ಅದೇ ವರ್ಷ ರಾಯಚೂರಿನ ಹಳ್ಳಿಯೊಂದರಲ್ಲಿ ಏನು ಬರೆದಾಳು, ಯಾವುದರ ಮೇಲೆ ಬರೆದಾಳು ಎಂಬುದಷ್ಟೇ ಪ್ರಶ್ನೆ.

ತೊಂಬತ್ತರ ದಶಕದ ಕೊನೆಯಲ್ಲಿ ಸಿಇಟಿ ಬರೆದ ನನ್ನ ತಲೆಮಾರಿನ ಕನ್ನಡಿಗರಿಗೆ 'ಫ್ರೀ ಸೀಟು', 'ಪೇಮೆಂಟ್ ಸೀಟು' ಎಂಬ ಮಾತುಗಳು ಮರೆತಿರಲಾರವು. ಉನ್ನಿಕೃಷ್ಣನ್ ಪ್ರಕರಣದ 1993ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಸೀಟುಗಳು ಹೀಗೆ ಎರಡಾಗಿದ್ದವು. ಫ್ರೀ ಸೀಟನ್ನು ನಾವು 'ಮೆರಿಟ್ ಸೀಟು' ಎಂದೂ ಕರೆಯುತ್ತಿದ್ದೆವು. ಎಂಥ ಸೊಗಸಾದ ಅದಲುಬದಲು! ಅದನ್ನು ಉಚಿತವಾಗಿಸಲು ಯಾರು ಹಣ ತೆತ್ತರು ಎಂಬ ಪ್ರಶ್ನೆ ಅಳಿಸಿಹೋಗಿ, ನಾವು ಪಡೆದದ್ದೆಲ್ಲ ನಮ್ಮ ಬುದ್ಧಿಯ ಗಳಿಕೆಯಾಗಿಬಿಟ್ಟಿತು. ಮೀಸಲಾತಿಯಿಂದ ಬಂದ ಸಹಪಾಠಿಯನ್ನು ಮಾತ್ರ 'ಕೋಟಾ' ಎನ್ನುತ್ತಿದ್ದರು. ಐಐಟಿಗಳಲ್ಲಿ ಈ ಅದಲುಬದಲು ಹೇಗೆ ನಡೆಯಿತೆಂಬುದನ್ನು ಅಜಂತಾ ಸುಬ್ರಮಣಿಯನ್ ತಮ್ಮ 2019ರ ಪುಸ್ತಕದಲ್ಲಿ ವಿವರವಾಗಿ ತೋರಿಸಿದ್ದಾರೆ. ಸಿಯಾಟಲ್ ನಗರಸಭೆ 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ, 'ಇಲ್ಲಿ ಎಲ್ಲರೂ ಮೆರಿಟ್‌ನಿಂದ ಬಂದವರು, ಜಾತಿ ಎಲ್ಲಿದೆ' ಎಂದು ನಮ್ಮ ಬಂಧುಗಳೇ ಕೇಳಿದ್ದು ನೆನಪಿರಬಹುದು. ಎಲ್ಲರೂ ಮೊದಲ ಹಂತದಿಂದ ಆರಂಭಿಸಿದೆವೆಂಬ ನಂಬಿಕೆ ಎಷ್ಟು ಗಾಢವಾಗಿ ಬೇರೂರಿದೆಯೆಂದರೆ, ಆ ಹಂತಕ್ಕೆ ಬರುವ ದಾರಿಯ ಬಗೆಗಿನ ಯಾವ ಮಾತೂ ಅವಮಾನದಂತೆ ಕೇಳಿಸುತ್ತದೆ.

ಆಟಕ್ಕೆ ಮರಳೋಣ. ಕನ್ನಡದಲ್ಲಿ 'ಉಚಿತ' ಎಂದರೆ ಬೆಲೆಯಿಲ್ಲದ್ದು, ಯೋಗ್ಯವಾದದ್ದು ಎಂಬ ಎರಡೂ ಅರ್ಥಗಳಿವೆ. 'ಬಿಟ್ಟಿ' ಬೇರೆ ಜಾತಿಯ ಪದ. ಸಂಸ್ಕೃತದ 'ವಿಷ್ಟಿ'ಯ ತದ್ಭವವಾದ ಅದಕ್ಕೆ ಮೂಲದಲ್ಲಿ ಕೂಲಿ ಕೊಡದೆ ಒತ್ತಾಯದಿಂದ ಮಾಡಿಸಿಕೊಂಡ ದುಡಿಮೆ ಎಂದೇ ಅರ್ಥ. ಇಂದು ಸರ್ಕಾರದ ಗ್ಯಾರಂಟಿ ಯೋಜನೆಗಳನ್ನು 'ಬಿಟ್ಟಿ ಭಾಗ್ಯ' ಎಂದು ಹಂಗಿಸುವವರು, ತಲೆತಲಾಂತರಗಳಿಂದ ಬಿಟ್ಟಿ ದುಡಿದವರ ಮೇಲೆಯೇ ಆ ಪದವನ್ನು ತಿರುಗಿಸಿದ್ದಾರೆ. ಉಚಿತ ಆಟಗಳ ಬೆನ್ನಿಗೂ ದುಡಿಮೆ ಇದೆ. ಸಾವಿರಾರು ಕೋಣೆಗಳ ವರ್ಣನೆ ಬರೆದವರು, ನಡುರಾತ್ರಿ ಸರ್ವರ್ ಬಿದ್ದಾಗ ಎದ್ದು ಎತ್ತಿ ನಿಲ್ಲಿಸಿದವರು, ಜಗಳ ಬಿಡಿಸಿದವರು ಎಲ್ಲರೂ ಹವ್ಯಾಸಿಗಳೇ.

ಆ ದುಡಿಮೆ ಬಿಟ್ಟಿಯಾಗದಂತೆ ಮಾಡಿದ ಒಂದು ಉಪಾಯವನ್ನು ಇಲ್ಲಿ ನೆನೆಯಬೇಕು. ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ವಿಜ್ಞಾನ ವಿಭಾಗದ ಐವರು ವಿದ್ಯಾರ್ಥಿಗಳು 1991ರಲ್ಲಿ ತಾವು ಬರೆದ ಡಿಕುಮಡ್‌ನ ಕೋಡನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಯಾರು ಬೇಕಾದರೂ ಬಳಸಿ, ಬದಲಿಸಿ, ಸ್ವಂತ ಲೋಕ ಕಟ್ಟಿಕೊಳ್ಳಬಹುದಿತ್ತು. ಷರತ್ತುಗಳು ಮುಖ್ಯವಾಗಿ ಎರಡು: ಇದರಿಂದ ಯಾವ ರೀತಿಯಲ್ಲೂ ಲಾಭ ಮಾಡಬಾರದು, ಬರೆದವರ ಹೆಸರನ್ನು ಆಟದ ಬಾಗಿಲಲ್ಲೇ ತೋರಿಸಬೇಕು. ನೂರಾರು ಆಟಗಳು ಈ ಬೀಜದಿಂದ ಮೊಳೆತವು. ಆದರೆ ಪರವಾನಗಿ ರಕ್ಷಿಸಬಲ್ಲದ್ದು ಕೋಡನ್ನು ಮಾತ್ರ, ಕಲ್ಪನೆಯನ್ನು ಹಣವಂತರು ಕೊಂಡೊಯ್ಯಬಹುದು. 1999ರ ಎವರ್‌ಕ್ವೆಸ್ಟ್ ಎಂಬ ವಾಣಿಜ್ಯ ಆಟ ಡಿಕುವನ್ನು ಎಷ್ಟು ಹೋಲುತ್ತಿತ್ತೆಂದರೆ, ಕೋಡನ್ನು ನಕಲು ಮಾಡಿಲ್ಲವೆಂದು ಅದರ ತಯಾರಕರು ಪ್ರಮಾಣಪೂರ್ವಕ ಹೇಳಿಕೆ ಬರೆದುಕೊಡಬೇಕಾಯಿತು. 1997ರಲ್ಲಿ ಆರಂಭವಾದ ಅಕೇಯ ಎಂಬ ಪಠ್ಯ ಆಟ, ಪ್ರವೇಶವನ್ನು ಉಚಿತವಾಗಿಟ್ಟು ಒಳಗಿನ ಅನುಕೂಲಗಳನ್ನು ಹಣಕ್ಕೆ ಮಾರಿದ ಮೊದಮೊದಲ ಆಟಗಳಲ್ಲಿ ಒಂದು. ಇಂದು ಮೊಬೈಲಿನಲ್ಲಿ ನಮ್ಮ ಮಕ್ಕಳು ಆಡುವ ಬಹುತೇಕ 'ಉಚಿತ' ಆಟಗಳ ವ್ಯಾಪಾರ ಇದೇ. ಅಲ್ಲಿ ಏಣಿಯನ್ನು ಹಾಗೆಯೇ ಇಟ್ಟುಕೊಂಡು, ಎಲ್ಲರೂ ಕೆಳಗಿನಿಂದ ಹತ್ತಬೇಕೆಂಬ ನಿಯಮವನ್ನು ಮಾರಾಟಕ್ಕಿಟ್ಟಿದ್ದಾರೆ. ಪೇಮೆಂಟ್ ಸೀಟು ಎನ್ನಲು ಅಡ್ಡಿಯಿಲ್ಲ. ಲಾಭಕ್ಕೆ ನಡೆಯುವ ಕಂಪನಿಗೆ ಹವ್ಯಾಸದಿಂದ ದುಡಿದರೆ ಏನಾಗುತ್ತದೆಂಬುದಕ್ಕೂ ದಾಖಲೆಯಿದೆ. ಅಮೆರಿಕ ಆನ್‌ಲೈನ್‌ನ ಸ್ವಯಂಸೇವಕರು ತಮ್ಮದು ಕೂಲಿ ಸಿಗಬೇಕಾದ ಕೆಲಸವೆಂದು 1999ರಲ್ಲಿ ಹೂಡಿದ ದಾವೆ, 2010ರಲ್ಲಿ ಒಂದೂವರೆ ಕೋಟಿ ಡಾಲರ್ ಪರಿಹಾರದ ಒಪ್ಪಂದದಲ್ಲಿ ಮುಗಿಯಿತು.

ಮೇಲೇರಿದವರಿಗೆ ಸಿಗುವ ಅಧಿಕಾರದ ಪ್ರಶ್ನೆ ಇನ್ನೂ ಕಠಿಣ. ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಪಾವೆಲ್ ಕರ್ಟಿಸ್ ನಡೆಸುತ್ತಿದ್ದ ಲ್ಯಾಂಬ್ಡಾಮೂ ಎಂಬ ಪಠ್ಯಲೋಕದಲ್ಲಿ ಮಾಂತ್ರಿಕರು 1992ರ ಕೊನೆಗೆ ಜನರ ವ್ಯಾಜ್ಯಗಳಿಂದ ತಾವು ಹಿಂದೆ ಸರಿಯುವುದಾಗಿ ಘೋಷಿಸಿದರು. ಕೆಲವೇ ತಿಂಗಳಲ್ಲಿ ಒಬ್ಬ ಆಟಗಾರ ಇತರರ ಪಾತ್ರಗಳ ಮೇಲೆ ಎಲ್ಲರೆದುರಿಗೆ ಮಾತಿನಲ್ಲೇ ಲೈಂಗಿಕ ಹಿಂಸೆ ನಡೆಸಿದ. ಶಿಕ್ಷೆ ಕೊಡುವವರು ಯಾರೆಂದು ಊರೆಲ್ಲ ಸೇರಿ ಚರ್ಚಿಸಿತು, ತೀರ್ಮಾನವಾಗಲಿಲ್ಲ. ಕೊನೆಗೆ ಒಬ್ಬ ಮಾಂತ್ರಿಕ ತಾನೇ ಆ ಪಾತ್ರವನ್ನು ಅಳಿಸಿಹಾಕಿದ. ಬಳಿಕ ಅರ್ಜಿ, ಮತದಾನಗಳ ವ್ಯವಸ್ಥೆ ಬಂತು, 1996ರಲ್ಲಿ ಮಾಂತ್ರಿಕರು ಮತ್ತೆ ಅಧಿಕಾರ ವಹಿಸಿಕೊಂಡರು. ಇದನ್ನು ಪ್ರಜಾಪ್ರಭುತ್ವದ ಸೋಲೆಂದು ಬರೆಯುವವರಿದ್ದಾರೆ. ಸರ್ವರಿನ ಕೀಲಿ ಒಬ್ಬರ ಕೈಯಲ್ಲಿರುವಾಗ ಮತದಾನ ಎಷ್ಟು ದೂರ ಹೋಗಬಲ್ಲದೆಂಬುದರ ಪಾಠವಾಗಿ ನಾನಿದನ್ನು ಓದುತ್ತೇನೆ. ನಮ್ಮ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಆ ಕೀಲಿ ಯಾರ ಕೈಯಲ್ಲಿದೆಯೆಂದು ಒಮ್ಮೆ ಯೋಚಿಸಿದರೆ, ಲ್ಯಾಂಬ್ಡಾಮೂ ನಿವಾಸಿಗಳು ನಮಗಿಂತ ಮುಂದಿದ್ದರೆಂದೇ ಹೇಳಬೇಕಾದೀತು.

ಕೊನೆಯದಾಗಿ ಭಾಷೆ. ಈ ಲೋಕಗಳಲ್ಲಿ ಮೊದಲ ಹಂತಕ್ಕೂ ಮುಂಚಿನ ಹಂತವೊಂದಿದೆ, ಅದು ಇಂಗ್ಲಿಷ್. ನಾವು ಮೂವರು ಗೆಳೆಯರು ವಾರಾಂತ್ಯಗಳಲ್ಲಿ ಕನ್ನಡದಲ್ಲಿ ಆಡಬಹುದಾದ ಪುಟ್ಟ ಮಡ್ ಒಂದನ್ನು ಕಟ್ಟುವ ಪ್ರಯತ್ನದಲ್ಲಿದ್ದೇವೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ, ಹಳೆಯ ಸರ್ವರುಗಳು ಒಂದಕ್ಷರಕ್ಕೆ ಒಂದು ಬೈಟ್ ಎಂದೇ ನಂಬಿವೆ. 'ಲಕ್ಷ್ಮಿ' ನಮ್ಮ ಕಣ್ಣಿಗೆ ಎರಡಕ್ಷರ, ಸರ್ವರಿಗೆ 21 ಬೈಟ್; ಹೆಸರು ತೀರಾ ಉದ್ದವಾಯಿತೆಂದು ಅದು ಲಕ್ಷ್ಮಿಯನ್ನು ಹೊರಗೇ ನಿಲ್ಲಿಸುತ್ತದೆ. ಪದಗಳ ಅನುಕ್ರಮವನ್ನೇ ನೆಚ್ಚಿಕೊಂಡ ಇಂಗ್ಲಿಷ್ ಆಜ್ಞೆಗಳ ಜಾಗದಲ್ಲಿ ವಿಭಕ್ತಿಗಳನ್ನು ಗುರುತಿಸಬೇಕು: 'ಕತ್ತಿಯಿಂದ ಹಗ್ಗವನ್ನು ಕತ್ತರಿಸು' ಎಂದರೂ 'ಹಗ್ಗವನ್ನು ಕತ್ತಿಯಿಂದ ಕತ್ತರಿಸು' ಎಂದರೂ ಕೆಲಸ ಒಂದೇ ಆಗಬೇಕು. ಇವೆಲ್ಲ ಶ್ರಮ ಬೇಡುವ, ಆದರೆ ಬಗೆಹರಿಯುವ ತೊಡಕುಗಳು.

ಬಗೆಹರಿಯದೆ ಉಳಿದದ್ದು ಸರ್ವನಾಮ. ಇಂಗ್ಲಿಷ್ ಆಟ ಎಲ್ಲರನ್ನೂ ಒಂದೇ ಪದದಿಂದ ಕರೆಯುತ್ತದೆ. ಕನ್ನಡದ ಆಟ ಬಾಗಿಲು ತೆರೆದೊಡನೆ ಆರಿಸಿಕೊಳ್ಳಬೇಕು: 'ನೀನು ಕತ್ತಲ ಕೋಣೆಯಲ್ಲಿದ್ದೀಯೆ' ಎನ್ನುವುದೋ, 'ನೀವು ಕತ್ತಲ ಕೋಣೆಯಲ್ಲಿದ್ದೀರಿ' ಎನ್ನುವುದೋ? ಯಾರಾದರೂ ಒಳಗೆ ಬಂದರೆ ಕ್ರಿಯಾಪದವೇ ಅವರ ಲಿಂಗವನ್ನೂ ಅಂತಸ್ತನ್ನೂ ಸಾರಿಬಿಡುತ್ತದೆ: ಬಂದ, ಬಂದಳು, ಬಂದರು. ಗುಂಪಿನ ಗೆಳತಿಯೊಬ್ಬರಿಗೆ 'ನೀವು' ಎಂದರೆ ಕಚೇರಿಯ ನೋಟೀಸು ಓದಿದಂತೆ. ಆಟದಲ್ಲಿ ಸಲಿಗೆ ಇರಬೇಕು, 'ನೀನು' ಎನ್ನೋಣ ಎಂಬುದು ಅವರ ವಾದ. ಇನ್ನೊಬ್ಬ ಗೆಳೆಯರು ಒಪ್ಪುವುದಿಲ್ಲ. ಸವರ್ಣೀಯರ ಮನೆಯ ಹತ್ತು ವರ್ಷದ ಹುಡುಗರು ತಮ್ಮ ಅಜ್ಜನನ್ನು ಏಕವಚನದಲ್ಲಿ ಕೂಗುತ್ತಿದ್ದುದನ್ನು ಕೇಳಿ ಬೆಳೆದವರು ಅವರು. ತಮ್ಮನ್ನು 'ನೀನು' ಎನ್ನುವ ಯಂತ್ರವನ್ನು ತಾವೇ ಕೈಯಾರೆ ಬರೆಯುವುದಿಲ್ಲವೆಂದು ಹೇಳಿಬಿಟ್ಟಿದ್ದಾರೆ. ಮೂರು ವಾರಾಂತ್ಯ ಇದರಲ್ಲೇ ಕಳೆದವು. ಮೊದಲ ಹಂತದ ಆಟಗಾರನಿಂದ ಮಾಂತ್ರಿಕನವರೆಗೆ, ಅಂಗಡಿಯವಳಿಂದ ಕಾವಲುಗಾರನವರೆಗೆ ಎಲ್ಲರಿಗೂ ಬಹುವಚನ, ಡ್ರ್ಯಾಗನ್‌ಗೆ ಮಾತ್ರ 'ಬಂದಿತು' ಎಂಬಲ್ಲಿಗೆ ಸದ್ಯ ಬಂದು ನಿಂತಿದ್ದೇವೆ.