ವರ್ಷಕ್ಕೋ, ತಿಂಗಳಿಗೋ?

ಭಾರತೀಯ ರಿಸರ್ವ್ ಬ್ಯಾಂಕ್ 2007ರ ಮಕ್ಕಳ ದಿನಾಚರಣೆಯಂದು ಹಣಕಾಸು ಶಿಕ್ಷಣದ ಜಾಲತಾಣ ತೆರೆಯಿತು. ‘ರಾಜು ಮತ್ತು ಹಣದ ಮರ’ದಂಥ ಚಿತ್ರಕಥೆಗಳ ಮೂಲಕ ಮಕ್ಕಳಿಗೆ ಬ್ಯಾಂಕಿನ ಪರಿಚಯ ಮಾಡಿಸಿತು. ವ್ಯಾಖ್ಯೆಗಿಂತ ಕಥೆ ಮಕ್ಕಳಿಗೆ ಹತ್ತಿರ, ನಿಜ. ಆದರೆ ಇಂಥ ತಾಣಗಳನ್ನು ಹೊಸದಾಗಿ ರೂಪಿಸುವವರು ಕಥೆಯ ಪಕ್ಕದಲ್ಲೇ ಒಂದು ಲೆಕ್ಕವನ್ನೂ ಇಡಬೇಕು.

72ನ್ನು ಬಡ್ಡಿದರದಿಂದ ಭಾಗಿಸಿದರೆ, ಚಕ್ರಬಡ್ಡಿಯಲ್ಲಿ ಹಣ ಇಮ್ಮಡಿಯಾಗುವ ಅವಧಿ ಸುಮಾರಾಗಿ ಸಿಗುತ್ತದೆ. ವರ್ಷಕ್ಕೆ ಶೇ 6ರ ಠೇವಣಿ ಇಮ್ಮಡಿಯಾಗಲು 12 ವರ್ಷ ಬೇಕು. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿಯ ಸಾಲವನ್ನು ಕಟ್ಟದೆ ಬಿಟ್ಟು, ಬಡ್ಡಿಗೂ ಬಡ್ಡಿ ಬಿದ್ದರೆ 24 ತಿಂಗಳಲ್ಲೇ ಇಮ್ಮಡಿ!

6 ದೊಡ್ಡದು, 3 ಚಿಕ್ಕದು ಎಂದು ಮೋಸಹೋಗುವುದು ಇಲ್ಲಿಯೇ. ಈ ಲೆಕ್ಕ ಬಲ್ಲ ಮಗು, ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಬಲ್ಲದು: “ಅಪ್ಪಾ, ಬಡ್ಡಿ ವರ್ಷಕ್ಕೋ, ತಿಂಗಳಿಗೋ?”